ಕಿರೀಟ ಬೇಡ, ಲೆಕ್ಕ ಕೊಡಿ



ಪೋಸ್ಟ್ ಉದ್ದ ಇದೆ. ಪುರುಸೊತ್ತು ಇಲ್ಲದವರು ರಾತ್ರಿ ಊಟ ಆದಮೇಲೆ ಓದಿ. ಅರ್ಧ ಓದಿ ಕಾಮೆಂಟ್ ಹಾಕಬೇಡಿ, ಅಂಥವು ಈಗಾಗಲೇ ಬೇಕಾದಷ್ಟು ಬಂದಿವೆ.

ಏಪ್ರಿಲ್ 14ರ ವಿಷಯ. ಸಂಘಟನೆಯ ಹೆಸರು ಬರೆಯಲ್ಲ, ಅಧ್ಯಕ್ಷರ ಹೆಸರೂ ಬರೆಯಲ್ಲ. ಗೊತ್ತಿದ್ದವರಿಗೆ ಗೊತ್ತು. ಗೊತ್ತಿಲ್ಲದವರು ನಿಮ್ಮ ತಾಲ್ಲೂಕಿನ ಯಾವುದಾದರೂ ಸಂಘಟನೆ ಅಂದುಕೊಂಡು ಓದಿ, ಹೆಚ್ಚು ವ್ಯತ್ಯಾಸ ಆಗಲ್ಲ. ಬಾಬಾಸಾಹೇಬರ ಜಯಂತಿ. ಬಾಬಾಸಾಹೇಬರ ಫೋಟೋ ವೇದಿಕೆಯ ಒಂದು ಮೂಲೆಯಲ್ಲಿ. ನಟ್ಟ ನಡುವೆ ಸಿಂಹಾಸನದಂಥ ಕುರ್ಚಿ, ಮದುವೆ ಡೆಕೋರೇಷನ್‌ನವರ ಹತ್ರ ಬಾಡಿಗೆಗೆ ತಂದದ್ದು. ಕ್ರೇನಿನಲ್ಲಿ ಸೇಬಿನ ಹಾರ. ಅಧ್ಯಕ್ಷರನ್ನ ಆ ಕುರ್ಚಿ ಮೇಲೆ ಕೂರಿಸಿ ತಲೆಗೆ ಬೆಳ್ಳಿ ಕಿರೀಟ ಇಟ್ಟರು, ಕೈಗೆ ಗದೆ ಕೊಟ್ಟರು. ಮೈಕ್ ಹಿಡಿದ ಹುಡುಗ ‘ದಲಿತರ ಮಹಾರಾಜ’ ಅಂತ ಕೂಗಿದ. ಸಾಲಗಾಮೆ ಕಡೆಯಿಂದ ಲಗೇಜ್ ಆಟೋದಲ್ಲಿ ನಿಂತುಕೊಂಡು ಬಂದ ನಮ್ಮ ಹೆಂಗಸರು ಕೆಳಗೆ ಬಿಸಿಲಲ್ಲಿ ಕೂತಿದ್ದರು. ಅವರಿಗೆ ನೀರಿನ ಕ್ಯಾನ್ ಬಂದಾಗ ಸಂಜೆ ನಾಲ್ಕು ಗಂಟೆ.

ಅವತ್ತು ರಾತ್ರಿ ವಾಟ್ಸಾಪ್ ಗುಂಪಿಗೆ ಎರಡೇ ಎರಡು ಪ್ರಶ್ನೆ ಹಾಕಿದೆ. ಕಿರೀಟದ ದುಡ್ಡು ಎಲ್ಲಿಂದ ಬಂತು? ಮೂರು ವರ್ಷದ ಲೆಕ್ಕ ಯಾವಾಗ ಓದ್ತೀರಿ? ಬೆಳಗ್ಗೆ ಎದ್ದು ನೋಡಿದರೆ ನಾನು ಗುಂಪಿನಲ್ಲೇ ಇಲ್ಲ.

ತೆಗೆದು ಹಾಕಿದ್ದಕ್ಕೆ ಬೇಜಾರಿಲ್ಲ. ಬೇಜಾರಾಗಿದ್ದು ಮಾರನೇ ದಿನ ಬಂದ ಒಂದು ಫೋನಿನಿಂದ. ನಮ್ಮ ಕೇರಿಯಲ್ಲೇ ಹುಟ್ಟಿ, ನನ್ನ ಜೊತೆಯಲ್ಲೇ ಬೆಳೆದು, ಈಗ ಪ್ರಾರ್ಥನೆ ನಡೆಸುವ ಅಣ್ಣ ಒಬ್ಬರಿದ್ದಾರೆ. ಪಾಸ್ಟರಣ್ಣ ಅಂತಲೇ ನಾವೆಲ್ಲ ಕರೆಯೋದು. ಒಳ್ಳೇ ಮನುಷ್ಯ, ಹೋರಾಟಕ್ಕೂ ಬರ್ತಾರೆ. ಅವರು ಹೇಳಿದ್ದು ಇಷ್ಟು: "ದಾವೀದ ಕುರಿ ಕಾಯೋನು ಕಣಯ್ಯ. ಏಳು ಜನ ಅಣ್ಣಂದಿರ ಕೆಳಗೆ ಹುಟ್ಟಿದೋನು. ಅವನಿಗೆ ದೇವರೇ ಅಭಿಷೇಕ ಮಾಡಿಸಿದ. ಸಾವಿರಾರು ವರ್ಷ ಬೇರೆಯವರ ಕಿರೀಟ ನೋಡಿದೀವಿ. ನಮ್ಮೋನೊಬ್ಬ ಒಂದು ದಿನ ಹಾಕ್ಕೊಂಡ್ರೆ ನಿನಗ್ಯಾಕೆ ಹೊಟ್ಟೆ ಉರಿ?"

ಅವರ ಮಾತಿನಲ್ಲಿ ಒಂದು ನಿಜ ಇದೆ, ಅದಕ್ಕೇ ನಿದ್ದೆ ಬರಲಿಲ್ಲ. ಚಪ್ಪಲಿ ಕೈಲಿ ಹಿಡಿದು ಊರ ಬೀದಿ ದಾಟಿದವರ ಮೊಮ್ಮಕ್ಕಳು ನಾವು. ನಮ್ಮವನ ತಲೆ ಮೇಲೆ ಬೆಳ್ಳಿ ಹೊಳೆದರೆ ಎದೆ ಉಬ್ಬುತ್ತೆ. ಕಿರೀಟ ಇಟ್ಟಾಗ ನನಗೂ ಒಂದು ಗಳಿಗೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ಚಿಕ್ಕಮ್ಮನ ಮನೆ ಹಾಸನದಲ್ಲಿ. ಅವರು ಚರ್ಚಿಗೆ ಹೋಗುವವರು. ಸರ್ಟಿಫಿಕೇಟಿನಲ್ಲಿ ಏನಿದೆ ಅಂತ ಕೇಳಬೇಡಿ. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಇರೋವರೆಗೆ ನಮ್ಮವರು ಕಾಗದಕ್ಕೊಂದು ದೇವರು, ಮನೆಗೊಂದು ದೇವರು ಇಟ್ಟುಕೊಳ್ಳಲೇಬೇಕು. ಅವರ ಮನೆಯ ಸತ್ಯವೇದ ಎರವಲು ತಂದೆ. ಸಮುವೇಲನ ಎರಡು ಪುಸ್ತಕ, ಅರಸುಗಳ ಮೊದಲನೇ ಪುಸ್ತಕದ ಅರ್ಧ. ಎಂಟು ರಾತ್ರಿ ಕೂತು ಓದಿದೆ. ನಾನು ಭಕ್ತನಾಗಿ ಓದಲಿಲ್ಲ, ಆಫೀಸಿನಲ್ಲಿ ಫೈಲ್ ಓದುವ ಥರ ಓದಿದೆ: ಯಾರು ಅರ್ಜಿ ಹಾಕಿದರು, ಯಾರು ಸಹಿ ಮಾಡಿದರು, ದುಡ್ಡು ಎಲ್ಲಿಗೆ ಹೋಯ್ತು. ಪಾಸ್ಟರಣ್ಣ, ನೀವು ನನಗೆ ತೋರಿಸಿದ್ದು ಕಿರೀಟದ ಪುಟ. ಹಿಂದಿನ ಪುಟ, ಮುಂದಿನ ಪುಟ ನಾನು ತೋರಿಸ್ತೀನಿ.

ಮೊದಲು ಆ ಜನಕ್ಕೆ ರಾಜ ಇರಲಿಲ್ಲ. ಕುಲಗಳಿದ್ದವು, ಹಿರಿಯರಿದ್ದರು, ಕಷ್ಟ ಬಂದಾಗ ಎದ್ದು ನಿಲ್ಲುವ ನ್ಯಾಯಸ್ಥಾಪಕರಿದ್ದರು. ಸಮುವೇಲ ಅವರಲ್ಲಿ ಕೊನೆಯವನು. ಅವನಿಗೆ ವಯಸ್ಸಾಯಿತು. ಏನು ಮಾಡಿದ ಹೇಳಿ? ತನ್ನ ಇಬ್ಬರು ಮಕ್ಕಳನ್ನ, ಯೋವೇಲ ಮತ್ತು ಅಬೀಯ ಅಂತ, ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿ ಕೂರಿಸಿದ. ಅವರು ಲಂಚ ತಿಂದರು, ನ್ಯಾಯ ತಿರುಚಿದರು. ಅಪ್ಪನ ಕುರ್ಚಿ ಮಗನಿಗೆ ಅನ್ನೋದನ್ನ ಹಾಸನದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ಬಿಡಿ. ಆದರೆ ಗಮನಿಸಿ, ರಾಜ ಬೇಡ ಅಂತ ಮುಂದೆ ಎಚ್ಚರಿಸುವ ಮನುಷ್ಯನೇ ತನ್ನ ಮನೆಯಲ್ಲಿ ವಂಶದ ಅಂಗಡಿ ತೆರೆದಿದ್ದ. ಗ್ರಂಥ ಅದನ್ನ ಮುಚ್ಚಿಟ್ಟಿಲ್ಲ. ಜನ ರೊಚ್ಚಿಗೆದ್ದದ್ದೇ ಅಲ್ಲಿಂದ. ಹಿರಿಯರೆಲ್ಲ ರಾಮಾಕ್ಕೆ ಬಂದು ಕೇಳಿದರು: ನಿನ್ನ ಮಕ್ಕಳು ಸರಿ ಇಲ್ಲ, ಸುತ್ತಮುತ್ತಲ ದೇಶದವರಿಗೆಲ್ಲ ಇರೋ ಹಾಗೆ ನಮಗೂ ಒಬ್ಬ ರಾಜನನ್ನ ಕೊಡು.

ರೋಗ ಸರಿಯಾಗಿ ಹಿಡಿದರು, ಮದ್ದು ತಪ್ಪು ಕೇಳಿದರು. ಕೆಟ್ಟ ಮಕ್ಕಳನ್ನ ಕಿತ್ತುಹಾಕಿ ಅನ್ನಬಹುದಿತ್ತು. ಅದರ ಬದಲು ಕಿತ್ತುಹಾಕೋಕೇ ಆಗದ ಒಬ್ಬನನ್ನ ಕೇಳಿದರು.

ಆಗ ಸಮುವೇಲ ಒಂದು ಪಟ್ಟಿ ಓದುತ್ತಾನೆ. ಮೊದಲನೇ ಸಮುವೇಲ, ಎಂಟನೇ ಅಧ್ಯಾಯ. ದಯವಿಟ್ಟು ಎಲ್ಲರೂ ಓದಿ, ಒಂದೇ ಪುಟ. ನನ್ನ ಮಾತಿನಲ್ಲಿ ಹೇಳೋದಾದರೆ: ರಾಜ ಬಂದರೆ ನಿಮ್ಮ ಗಂಡುಮಕ್ಕಳನ್ನ ತಗೊಳ್ತಾನೆ, ತನ್ನ ರಥದ ಮುಂದೆ ಓಡಿಸ್ತಾನೆ, ತನ್ನ ಹೊಲ ಉಳಿಸ್ತಾನೆ, ಕೊಯ್ಲು ಮಾಡಿಸ್ತಾನೆ. ಹೆಣ್ಣುಮಕ್ಕಳನ್ನ ತಗೊಳ್ತಾನೆ, ಅಡುಗೆಗೆ, ರೊಟ್ಟಿ ಸುಡೋಕೆ, ಸುಗಂಧ ಮಾಡೋಕೆ. ನಿಮ್ಮ ಒಳ್ಳೇ ಹೊಲ, ದ್ರಾಕ್ಷಿ ತೋಟ, ಎಣ್ಣೆ ಮರದ ತೋಪು ತಗೊಂಡು ತನ್ನ ಸುತ್ತ ಇರೋರಿಗೆ ಕೊಡ್ತಾನೆ. ಬೆಳೆಯಲ್ಲಿ ಹತ್ತನೇ ಒಂದು ಪಾಲು, ಕುರಿಯಲ್ಲಿ ಹತ್ತನೇ ಒಂದು ಪಾಲು. ಆಳುಗಳನ್ನ, ಕತ್ತೆಗಳನ್ನ. ಕೊನೆಗೆ ನೀವೇ ಅವನ ಗುಲಾಮರು. ಆಗ ಅತ್ತರೂ ದೇವರು ಕೇಳಿಸಿಕೊಳ್ಳಲ್ಲ.

ತಗೊಳ್ತಾನೆ, ತಗೊಳ್ತಾನೆ, ತಗೊಳ್ತಾನೆ. ಇಡೀ ಪಟ್ಟಿಯಲ್ಲಿ ರಾಜ ಜನಕ್ಕೆ ಕೊಡೋದು ಏನೂ ಇಲ್ಲ. ಕೊಟ್ಟದ್ದು ತನ್ನ ಹಿಂಬಾಲಕರಿಗೆ, ಅದೂ ಜನರದ್ದನ್ನೇ.

ರಥದ ಮುಂದೆ ಓಡೋದು ಅಂದರೆ ಏನು ಅಂತ ನನಗೆ ಗೊತ್ತು. ನಮ್ಮ ತಾತ ತೋಟಿ. ಸಾಹೇಬರು ಊರಿಗೆ ಬಂದರೆ ಕುದುರೆ ಮುಂದೆ ಓಡಬೇಕಿತ್ತಂತೆ, ದಾರಿ ಬಿಡಿಸೋಕೆ. ಕುದುರೆಗೆ ಹುಲ್ಲು ತರಬೇಕು, ಕಂದಾಯಕ್ಕೆ ಮನೆಮನೆ ಕೂಗಬೇಕು, ಸತ್ತ ದನ ಎಳೆಯಬೇಕು, ಸಾವಿನ ಸುದ್ದಿ ಹೊತ್ತು ಎಷ್ಟು ಹರದಾರಿ ಆದರೂ ನಡೆಯಬೇಕು. ಅದಕ್ಕೆ ಹೆಸರು ಬಿಟ್ಟಿ ಚಾಕರಿ. ಬಿಟ್ಟಿ ಅನ್ನೋ ಪದ ಹಳೇ ಶಾಸನಗಳಲ್ಲೇ ಇದೆ: ಕೂಲಿ ಕೊಡದೆ ಮಾಡಿಸಿಕೊಳ್ಳೋ ದುಡಿಮೆ. (ಹೊಯ್ಸಳ ಬಿಟ್ಟಿದೇವನ ಹೆಸರಿಗೂ ಇದಕ್ಕೂ ಸಂಬಂಧ ಇಲ್ಲ, ಅದು ವಿಷ್ಣು ಅನ್ನೋದರ ರೂಪ. ಕಾಮೆಂಟಿನಲ್ಲಿ ಯಾರೂ ಅದನ್ನ ಎಳೆದು ತರಬೇಡಿ.) ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬರೋಕೆ 1961 ಆಗಬೇಕಾಯ್ತು. ಅದಕ್ಕೂ ಮುಂಚೆ ಸಂವಿಧಾನದ 23ನೇ ವಿಧಿ ಬಿಟ್ಟಿ ಬೇಗಾರಿಯನ್ನ ಅಪರಾಧ ಅಂತ ಬರೆದಿತ್ತು. ಇವತ್ತು ನೋಡಿ, ಹತ್ತು ಕೆಜಿ ಅಕ್ಕಿಗೆ, ಬಸ್ಸಿನ ಟಿಕೆಟ್ಟಿಗೆ ‘ಬಿಟ್ಟಿ ಭಾಗ್ಯ’ ಅಂತ ಮೂಗು ಮುರಿಯೋರು ಯಾರು? ನಮ್ಮ ತಾತನ ಬಿಟ್ಟಿ ತಿಂದವರ ಮೊಮ್ಮಕ್ಕಳು.

ಹೊಲದ ಮಾತು ಬಂದಿದ್ದಕ್ಕೆ ಇನ್ನೊಂದು. ಸಮುವೇಲ ಹೇಳಿದ್ದು ಎಷ್ಟೋ ತಲೆಮಾರು ಆದಮೇಲೆ ಅಹಾಬ ಅನ್ನೋ ರಾಜನ ಕಾಲದಲ್ಲಿ ಅಕ್ಷರಶಃ ನಡೆಯುತ್ತೆ. ನಾಬೋತ ಅಂತ ಒಬ್ಬ, ಅರಮನೆ ಪಕ್ಕ ಅವನ ದ್ರಾಕ್ಷಿ ತೋಟ. ರಾಜ ಕೇಳಿದ. ಪಿತ್ರಾರ್ಜಿತ, ಕೊಡಲ್ಲ ಅಂದ. ರಾಣಿ ಈಜೆಬೆಲ್ ರಾಜನ ಮೊಹರು ಹಾಕಿ ಪತ್ರ ಬರೆದಳು, ಇಬ್ಬರು ಸುಳ್ಳು ಸಾಕ್ಷಿ ನಿಲ್ಲಿಸಿದಳು, ನಾಬೋತನನ್ನ ಕಲ್ಲು ಹೊಡೆದು ಕೊಂದರು, ರಾಜ ತೋಟಕ್ಕೆ ಹೋಗಿ ಸ್ವಾಧೀನ ತಗೊಂಡ. ಒಂದು ಮೊಹರು, ಇಬ್ಬರು ಸಾಕ್ಷಿ. ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿದ ನಮ್ಮವರಿಗೆ ಈ ಕಥೆ ಹೊಸದಲ್ಲ. ನಮಗೆ ಮಂಜೂರಾದ ಜಮೀನು ಉಳಿಸೋಕೆ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. 2017ರಲ್ಲಿ ಸುಪ್ರೀಂ ಕೋರ್ಟು ತಡವಾಗಿ ಬಂದಿರಿ ಅಂದ ಮೇಲೆ ಒಂದರ ಹಿಂದೆ ಒಂದು ಕೇಸು ಬಿದ್ದವು. 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಆಯ್ತು, ಅದೂ ಬೆಂಗಳೂರಿನಲ್ಲಿ ನಮ್ಮವರು ತಿಂಗಳುಗಟ್ಟಲೆ ಧರಣಿ ಕೂತಮೇಲೆ. ಅಲ್ಲಿ ಕೂತವರ ತಲೆ ಮೇಲೆ ಕಿರೀಟ ಇರಲಿಲ್ಲ.

ಈಗ ದಾವೀದನಿಗೆ ಬರೋಣ.

ಕುರಿ ಕಾಯೋನು ರಾಜ ಆದ, ನಿಜ. ಅವನಿಗಿಂತ ಮುಂಚೆ ಸೌಲ. ಅವನೂ ಸಣ್ಣ ಕುಲದವನೇ, ಕಳೆದುಹೋದ ಕತ್ತೆ ಹುಡುಕಿಕೊಂಡು ಹೊರಟವನು. ರಾಜ ಅಂತ ಹೆಸರು ಕೂಗಿದಾಗ ಸಾಮಾನಿನ ಮೂಟೆಗಳ ನಡುವೆ ಅಡಗಿ ಕೂತಿದ್ದನಂತೆ. ನನಗೆ ಇಡೀ ಕಥೆಯಲ್ಲಿ ಸೌಲನ ಮೇಲೆ ಪ್ರೀತಿ ಬಂದದ್ದು ಆ ಒಂದು ಗಳಿಗೆ ಮಾತ್ರ. ದಾವೀದ ಬೆಟ್ಟಗುಡ್ಡದಲ್ಲಿ ಅಲೆಯೋವಾಗ ಅವನ ಜೊತೆ ಸೇರಿದವರು ಯಾರು ಅಂತಲೂ ಗ್ರಂಥ ಹೇಳುತ್ತೆ: ಸಾಲಗಾರರು, ಸಂಕಟದಲ್ಲಿದ್ದವರು, ನೊಂದವರು, ಸುಮಾರು ನಾನೂರು ಜನ. ನಮ್ಮ ಸಂಘಟನೆಯ ಮೊದಲ ಸಭೆಗಳೂ ಹಾಗೇ ಇದ್ದವು. ಸಾಲ ಇಲ್ಲದವನು ಒಬ್ಬನೂ ಇರಲಿಲ್ಲ.

ಆಮೇಲೆ ಅರಮನೆ. ರಾಜರು ಯುದ್ಧಕ್ಕೆ ಹೋಗೋ ಕಾಲದಲ್ಲಿ ದಾವೀದ ಮನೆಯಲ್ಲೇ ಉಳಿದ. ಸಂಜೆ ಮಾಳಿಗೆ ಮೇಲೆ ಓಡಾಡ್ತಾ ಸ್ನಾನ ಮಾಡ್ತಿದ್ದ ಬತ್ಷೆಬೆಯನ್ನ ನೋಡಿದ. ಆಳು ಕಳಿಸಿ ಕರೆಸಿಕೊಂಡ. ಸಮುವೇಲನ ಪಟ್ಟಿಯಲ್ಲಿರೋ ‘ತಗೊಳ್ತಾನೆ’ ಅನ್ನೋದು ಇಲ್ಲಿ ಒಂದು ಹೆಣ್ಣಿನ ಮೇಲೆ ಬಂದು ಬೀಳುತ್ತೆ. ಅವಳ ಗಂಡ ಊರೀಯ, ಹಿತ್ತಿಯ, ಅಂದರೆ ಹೊರಗಿನ ಕುಲದವನು, ರಾಜನ ಸೈನ್ಯದಲ್ಲೇ ದುಡಿಯೋನು. ಅವಳು ಬಸುರಿ ಅಂತ ಗೊತ್ತಾದಾಗ ರಾಜ ಸೇನಾಪತಿಗೆ ಪತ್ರ ಬರೆದ: ಇವನನ್ನ ಯುದ್ಧ ಬಿರುಸಾಗಿರೋ ಕಡೆ ಮುಂದೆ ನಿಲ್ಲಿಸಿ, ನೀವು ಹಿಂದೆ ಸರಿದುಬಿಡಿ. ಆ ಪತ್ರವನ್ನ ಯಾರ ಕೈಲಿ ಕಳಿಸಿದ ಗೊತ್ತಾ? ಊರೀಯನ ಕೈಲೇ.

ಇಪ್ಪತ್ತು ವರ್ಷದಿಂದ ಟಪಾಲು ನೋಡೋ ಗುಮಾಸ್ತ ನಾನು. ಅಂಟು ಹಾಕಿದ ಲಕೋಟೆ ಎಷ್ಟು ಹೊತ್ತಿದೀನೋ. ಆ ಸಾಲು ಓದಿ ಪುಸ್ತಕ ಮುಚ್ಚಿಟ್ಟು ಹೊರಗೆ ಬಂದು ನಿಂತೆ. ಮೇಲಿನವರು ಕೊಟ್ಟ ಲಕೋಟೆಯಲ್ಲಿ ತನ್ನ ಸಾವೇ ಇದೆ ಅಂತ ಗೊತ್ತಿಲ್ಲದೆ, ನಂಬಿಕೆಯಿಂದ, ಒಡೆಯದೆ ತಗೊಂಡು ಹೋದವನು ಅವನು.

ಇಲ್ಲಿ ಆ ಗ್ರಂಥಕ್ಕೆ ನಾನು ಕೈ ಮುಗೀತೀನಿ. ನಾತಾನ ಅನ್ನೋ ಪ್ರವಾದಿ ನೇರ ಅರಮನೆಗೆ ಹೋದ. ಒಂದು ಕಥೆ ಹೇಳಿದ: ನೂರಾರು ಕುರಿ ಇದ್ದ ಶ್ರೀಮಂತ, ಮನೆಗೆ ನೆಂಟ ಬಂದಾಗ, ಬಡವ ಮಗಳ ಥರ ಸಾಕಿಕೊಂಡಿದ್ದ ಒಂದೇ ಒಂದು ಮರಿಯನ್ನ ಕಿತ್ತುಕೊಂಡು ಅಡುಗೆ ಮಾಡಿಸಿದ ಅಂತ. ದಾವೀದನಿಗೆ ಸಿಟ್ಟು ನೆತ್ತಿಗೇರಿತು, ಆ ಶ್ರೀಮಂತ ಸಾಯಬೇಕು ಅಂದ. ಆ ಶ್ರೀಮಂತ ಬೇರೆ ಯಾರೂ ಅಲ್ಲ ಅಂತ ನಾತಾನ ರಾಜನ ಕಡೆಗೇ ತೋರಿಸಿದ. ಅದನ್ನ ಬರೆದಿಟ್ಟಿದ್ದಾರೆ! ತಮ್ಮ ಅತಿ ದೊಡ್ಡ ರಾಜನ ಅತಿ ಕೊಳಕು ಕೆಲಸವನ್ನ ತಮ್ಮ ಪವಿತ್ರ ಗ್ರಂಥದ ಒಳಗೇ ಇಟ್ಟುಕೊಂಡಿದ್ದಾರೆ.

ನಮ್ಮ ಜಿಲ್ಲೆಯಲ್ಲಿ ರಾಜರ ಕಲ್ಲಿಗೇನು ಬರ ಇಲ್ಲ. ರೈಸ್ ಸಾಹೇಬರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನೇ ಒಂದು ದಪ್ಪ ಸಂಪುಟ ಮಾಡಿ ಅಚ್ಚು ಹಾಕಿಸಿದರು. ಅದರ ತುಂಬ ಬಿರುದುಗಳು. ಗಂಡ, ಭೇರುಂಡ, ಚಕ್ರವರ್ತಿ. ಅದರಲ್ಲಿ ಒಬ್ಬ ನಾತಾನನನ್ನ ಹುಡುಕಿಕೊಡಿ. ಹಳೇಬೀಡಿನ ಹೊಯ್ಸಳೇಶ್ವರ ಗುಡಿ ಹತ್ತಿರ ಒಂದು ಕಂಬ ಇದೆ, ಪ್ರವಾಸಿಗಳು ನೋಡದೆ ಹೋಗ್ತಾರೆ. ಕುವರಲಕ್ಷ್ಮನ ಗರುಡಗಂಬ. ಇಮ್ಮಡಿ ಬಲ್ಲಾಳ ಸತ್ತಾಗ ಅವನ ದಂಡನಾಯಕ, ಹೆಂಡತಿ, ಸಂಗಡಿಗರ ಸಮೇತ ಪ್ರಾಣ ಬಿಟ್ಟದ್ದರ ನೆನಪು. ತಮ್ಮ ತಲೆ ತಾವೇ ಕತ್ತರಿಸಿಕೊಳ್ಳೋ ಮನುಷ್ಯರನ್ನ ಕೆತ್ತಿದ್ದಾರೆ. ನಮ್ಮ ನೆಲ ಸ್ವಾಮಿನಿಷ್ಠೆ ಅಂತ ಕಲಿಸಿದ್ದು ಅದನ್ನ. ಬೇಲೂರಿನಲ್ಲಿ ದಾಸೋಜ, ಚಾವಣ ಅಂತ ಶಿಲ್ಪಿಗಳ ಹೆಸರಾದರೂ ಕಲ್ಲಿನ ಮೇಲಿದೆ, ಸಂತೋಷ. ಆ ಬಳಪದ ಕಲ್ಲನ್ನ ಅಲ್ಲಿವರೆಗೆ ಎಳೆದು ತಂದವರ ಹೆಸರು? 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ಎಲ್ಲ ಚಪ್ಪಾಳೆ ಹೊಡೆದೆವು. ನಾನೂ ಹೊಡೆದೆ. ಈ ಪ್ರಶ್ನೆ ಯಾರೂ ಕೇಳಲಿಲ್ಲ.

ದಾವೀದನ ಮಗ ಸೊಲೊಮೋನನ ಕಾಲಕ್ಕೆ ಬಂದರೆ ಎಳೆದವರ ಲೆಕ್ಕ ಸಿಗುತ್ತೆ. ಹೆಸರಿಲ್ಲ, ಲೆಕ್ಕ ಇದೆ. ಲೆಬನೋನಿಗೆ ಮರ ಕಡಿಯೋಕೆ 30,000 ಬಿಟ್ಟಿ ಆಳು, ತಿಂಗಳಿಗೆ 10,000 ಪಾಳಿ. ಹೊರೆ ಹೊರೋಕೆ 70,000. ಬೆಟ್ಟದಲ್ಲಿ ಕಲ್ಲು ಒಡೆಯೋಕೆ 80,000. ಅವರ ಮೇಲೆ ಮೇಸ್ತ್ರಿಗಳು 3,300. ದೇವರ ಮನೆ ಕಟ್ಟೋಕೆ 7 ವರ್ಷ, ರಾಜನ ಮನೆ ಕಟ್ಟೋಕೆ 13 ವರ್ಷ. ಅಂಕಿ ಉಬ್ಬಿಸಿದ್ದಾರೆ ಅಂತ ನೀವು ಅನ್ನಬಹುದು, ಇರಬಹುದು. ಹಳೇ ಪುಸ್ತಕಗಳ ಅಂಕಿ ಹಾಗೇ. ಆದರೆ ಹೊಗಳೋಕೆ ಉಬ್ಬಿಸಿದ ಅಂಕಿಯೇ ಸಾಕ್ಷಿ ಆಗಿಬಿಟ್ಟಿದೆ. ರಾಜನ ಒಂದು ದಿನದ ಊಟಕ್ಕೆ 30 ಎತ್ತು, 100 ಕುರಿ. ಜಿಂಕೆ, ಹಕ್ಕಿ ಬೇರೆ. ದೇಶವನ್ನ 12 ಭಾಗ ಮಾಡಿ ಒಂದೊಂದು ಭಾಗ ವರ್ಷಕ್ಕೆ ಒಂದೊಂದು ತಿಂಗಳು ಅರಮನೆ ಅಡುಗೆಮನೆ ತುಂಬಿಸಬೇಕು.

ಪಾಸ್ಟರಣ್ಣ, ಇಲ್ಲಿ ನಿಮ್ಮ ಗ್ರಂಥದ ಜೊತೆ ನನ್ನ ಜಗಳವೂ ಇದೆ. ಒಂದು ಕಡೆ ಇಸ್ರಾಯೇಲ್ ಎಲ್ಲದರಿಂದ ಬಿಟ್ಟಿ ಆಳು ಎತ್ತಿದರು ಅಂತಿದೆ. ಸ್ವಲ್ಪ ಮುಂದೆ ಹೋದರೆ, ಇಲ್ಲ ಇಲ್ಲ, ಇಸ್ರಾಯೇಲರನ್ನ ಗುಲಾಮರಾಗಿ ಮಾಡಲಿಲ್ಲ, ಉಳಿದುಹೋಗಿದ್ದ ಅಮೋರಿಯರು, ಹಿತ್ತಿಯರು, ಯೆಬೂಸಿಯರು, ಅಂದರೆ ಆ ನೆಲದ ಮೊದಲ ಜನರ ಮಕ್ಕಳನ್ನ ಮಾತ್ರ ಅಂತ ಸಮಾಧಾನ ಹೇಳ್ತಾರೆ. ಮಾತ್ರ! ಅದಕ್ಕೂ ಮುಂಚೆ ಗಿಬ್ಯೋನ್ಯರು ಅಂತ ಒಂದು ಜನಾಂಗಕ್ಕೆ ತಲೆತಲಾಂತರ ಸೌದೆ ಒಡೆಯೋದು, ನೀರು ಹೊರೋದೇ ಪಾಡು ಅಂತ ವಿಧಿಸಿದ್ದರು. ಹುಟ್ಟಿನಿಂದ ಕೆಲಸ, ಕೆಲಸದಿಂದ ಶಾಪ. ಇದಕ್ಕೆ ಕನ್ನಡದಲ್ಲಿ ಏನು ಅಂತಾರೆ ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ. ರಾಜನ ಕಥೆ ಯಾರು ಹೇಳಿದರೂ, ಎಷ್ಟೇ ಪ್ರಾಮಾಣಿಕವಾಗಿ ಹೇಳಿದರೂ, ಅದರ ಹಿತ್ತಲಲ್ಲಿ ಒಂದು ಕೇರಿ ಇದ್ದೇ ಇರುತ್ತೆ. ಆ ಗಿಬ್ಯೋನ್ಯರನ್ನ ಸೌಲ ಕೊಂದ, ಅದಕ್ಕೆ ಪರಿಹಾರ ಅಂತ ದಾವೀದ ಸೌಲನ ವಂಶದ ಏಳು ಗಂಡಸರನ್ನ ಅವರ ಕೈಗೆ ಒಪ್ಪಿಸಿದ. ಏಳೂ ಹೆಣ ಬೆಟ್ಟದ ಮೇಲೆ. ರಿಚ್ಪ ಅನ್ನೋ ತಾಯಿ, ಅವಳ ಇಬ್ಬರು ಮಕ್ಕಳು ಅದರಲ್ಲಿ. ಬಂಡೆ ಮೇಲೆ ಗೋಣಿತಾಟು ಹಾಸಿಕೊಂಡು ಕೂತಳು. ಸುಗ್ಗಿ ಶುರುವಾದಾಗಿಂದ ಮಳೆ ಬೀಳೋವರೆಗೆ, ಹಗಲು ಹಕ್ಕಿ ಬರದಂಗೆ, ರಾತ್ರಿ ಮೃಗ ಬರದಂಗೆ ಕಾದಳು. ರಾಜ ಕೊನೆಗೆ ಮೂಳೆ ಆರಿಸಿ ಮಣ್ಣು ಮಾಡಿಸಿದ್ದು ಅವಳು ಅಲ್ಲಿಂದ ಏಳದೆ ಇದ್ದದ್ದಕ್ಕೆ. ನನ್ನನ್ನ ಕೇಳಿದರೆ ನಮ್ಮ ವೇದಿಕೆ ಮೇಲೆ ಹಾಕಬೇಕಾದ್ದು ಆ ತಾಯಿಯ ಚಿತ್ರ. ಕಂಬಾಲಪಲ್ಲಿಯ ತಾಯಂದಿರು ನೆನಪಾಗಲಿಲ್ಲವಾ ನಿಮಗೆ?

ಸೊಲೊಮೋನ ಸತ್ತ. ಮಗ ರೆಹಬ್ಬಾಮ ಬಂದ. ಜನ ಬಂದು ಕೇಳಿದ್ದು ಒಂದೇ: ನಿಮ್ಮಪ್ಪ ಹೇರಿದ ನೊಗ ಸ್ವಲ್ಪ ಹಗುರ ಮಾಡು, ನಿನ್ನ ಮಾತು ಕೇಳ್ತೀವಿ. ಅಪ್ಪನ ಕಾಲದ ಹಿರಿಯರು ಹೇಳಿದರು, ಜನರ ಸೇವಕನಾಗು, ಒಳ್ಳೇ ಮಾತಾಡು. ಜೊತೆಯಲ್ಲಿ ಬೆಳೆದ ಹುಡುಗರು, ಇವತ್ತಿನ ಭಾಷೆಯಲ್ಲಿ ಬಾಸ್ ಬಾಸ್ ಅನ್ನೋ ಗುಂಪು, ಹೇಳಿಕೊಟ್ಟರು: ನನ್ನ ಕಿರುಬೆರಳೇ ನಮ್ಮಪ್ಪನ ಸೊಂಟಕ್ಕಿಂತ ದಪ್ಪ ಅನ್ನು. ಅವನು ಹುಡುಗರ ಮಾತು ಕೇಳಿದ. ಬಿಟ್ಟಿ ಆಳುಗಳ ಮೇಲ್ವಿಚಾರಕನನ್ನೇ ಜನರ ಹತ್ತಿರ ಸಂಧಾನಕ್ಕೆ ಕಳಿಸಿದ, ಬುದ್ಧಿವಂತ! ಜನ ಅವನನ್ನ ಕಲ್ಲು ಹೊಡೆದು ಕೊಂದರು. ರಾಜ ರಥ ಹತ್ತಿ ಓಡಿಹೋದ. ಹನ್ನೆರಡು ಕುಲದಲ್ಲಿ ಹತ್ತು ಎದ್ದು ಹೋದವು. ಮತ್ತೆ ಕೂಡಲೇ ಇಲ್ಲ.

ದಲಿತ ಸಂಘರ್ಷ ಸಮಿತಿ ಎಪ್ಪತ್ತರ ದಶಕದಲ್ಲಿ ಹುಟ್ಟಿದ್ದು ಒಂದೇ ಆಗಿ. ಇವತ್ತು ಎಷ್ಟು ಬಣ ಇದೆ, ಕೈ ಬೆರಳು ಸಾಕಾಗುತ್ತಾ ಎಣಿಸಿ. ಸಿದ್ಧಾಂತದಿಂದ ಒಡೆದದ್ದು ಎಷ್ಟು, ಕುರ್ಚಿಯಿಂದ ಒಡೆದದ್ದು ಎಷ್ಟು ಅಂತ ನನಗಿಂತ ಹಿರಿಯರು ಹೇಳಬೇಕು. ಹೇಳ್ತಿಲ್ಲ.

ಇನ್ನು ನನಗೆ ಬಂದ ಗಟ್ಟಿ ಪ್ರಶ್ನೆ. ಒಬ್ಬ ತಮ್ಮ ಬರೆದಿದ್ದಾನೆ: "ಅಣ್ಣ, ರಾಜರನ್ನ ಬೈತೀರಿ, ಶಾಹು ಮಹಾರಾಜರು? ನಾಲ್ವಡಿಯವರು? ಮೀಸಲಾತಿ ಕೊಟ್ಟೋರು ರಾಜರೇ ಅಲ್ವಾ?" ಹೌದು ತಮ್ಮ. 1902ರಲ್ಲಿ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಹಿಂದುಳಿದವರಿಗೆ ಅರ್ಧ ಕೆಲಸ ಮೀಸಲಿಟ್ಟರು. ಬಾಬಾಸಾಹೇಬರಿಗೆ ‘ಮೂಕನಾಯಕ’ ಹೊರತರೋಕೆ ನೆರವಾದವರು ಅವರೇ. ನಾಲ್ವಡಿಯವರ ಫೋಟೋ ನಮ್ಮ ಮನೆಯಲ್ಲೂ ಇದೆ. ಆದರೆ ಮೈಸೂರಿನಲ್ಲಿ ನಡೆದದ್ದು ಹೇಗೆ ಅಂತ ನೋಡು. 1917ರಲ್ಲಿ ಬ್ರಾಹ್ಮಣೇತರರು ಪ್ರಜಾ ಮಿತ್ರ ಮಂಡಳಿ ಕಟ್ಟಿದರು. ಮನವಿ ಹಿಡಿದು ಹೋದರು. 1918ರಲ್ಲಿ ಮಿಲ್ಲರ್ ಸಮಿತಿ ಬಂತು, ಅದಕ್ಕೆ ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು. ಅರಸು ಒಳ್ಳೆಯವರಿದ್ದರು, ಕೇಳಿಸಿಕೊಂಡರು. ಆದರೆ ಕೇಳಿದವರು ಜನ. ಇನ್ನೊಂದು ಮಾತು: ಒಳ್ಳೇ ರಾಜನ ಒಳ್ಳೇತನ ಅವನ ಜೊತೆ ಚಟ್ಟ ಹತ್ತುತ್ತೆ. ಇದೇ ಗ್ರಂಥದಲ್ಲಿ ಯೋಸೇಫ ಅನ್ನೋನಿಗೆ ಐಗುಪ್ತದ ಫರೋಹ ಎಷ್ಟು ಮರ್ಯಾದೆ ಕೊಟ್ಟ, ಅವನ ಅಣ್ಣತಮ್ಮಂದಿರಿಗೆಲ್ಲ ಒಳ್ಳೇ ಜಾಗ ಕೊಟ್ಟ. ಆಮೇಲೆ ಯೋಸೇಫ ಯಾರು ಅಂತಲೇ ಗೊತ್ತಿಲ್ಲದ ಹೊಸ ರಾಜ ಬಂದ. ಅಷ್ಟೇ. ಅದೇ ಜನ ಇಟ್ಟಿಗೆ ಹೊರೋ ಗುಲಾಮರಾದರು. ಸಂವಿಧಾನದ 16ನೇ ವಿಧಿಗೆ ಯೋಸೇಫ ಗೊತ್ತಿರಬೇಕಾಗಿಲ್ಲ. ಯಾವ ಪುಣ್ಯಾತ್ಮನ ಮೂಡೂ ಸರಿ ಇರಬೇಕಾಗಿಲ್ಲ.

ರಾಜನಿಗೆ ಮೂಗುದಾರ ಹಾಕೋಕೆ ಆ ಜನವೂ ನೋಡಿದ್ದರು. ಧರ್ಮೋಪದೇಶಕಾಂಡದ ಹದಿನೇಳನೇ ಅಧ್ಯಾಯದಲ್ಲಿದೆ. ರಾಜ ಹೆಚ್ಚು ಕುದುರೆ ಇಟ್ಟುಕೊಳ್ಳಬಾರದು, ಹೆಚ್ಚು ಹೆಂಡಿರು ಬೇಡ, ಬೆಳ್ಳಿ ಬಂಗಾರ ಗುಡ್ಡೆ ಹಾಕಬಾರದು. ಧರ್ಮಶಾಸ್ತ್ರದ ಒಂದು ಪ್ರತಿ ತಾನೇ ಬರೆದುಕೊಂಡು ಬದುಕಿರೋವರೆಗೂ ಓದಬೇಕು, ಅಣ್ಣತಮ್ಮಂದಿರಿಗಿಂತ ತಾನು ಮೇಲು ಅಂದುಕೊಳ್ಳಬಾರದು. ಸೊಲೊಮೋನ 700 ರಾಣಿಯರು, 300 ಉಪಪತ್ನಿಯರು, ಐಗುಪ್ತದ ಕುದುರೆ, ಕಲ್ಲಿನ ಹಾಗೆ ಬಿದ್ದ ಬೆಳ್ಳಿ, ಎಲ್ಲ ಇಟ್ಟುಕೊಂಡ. ಕಾಗದದ ಮೇಲಿನ ನಿಯಮವನ್ನ ಜಾರಿ ಮಾಡೋಕೆ ಜನರ ಕೈಲಿ ಏನೂ ಇರಲಿಲ್ಲ. ನಮ್ಮ ಕೈಲಿ ಇದೆ: ಬೈಲಾ ಇದೆ, ಸರ್ವಸದಸ್ಯರ ಸಭೆ ಇದೆ, ಓಟು ಇದೆ. ನಾವೇ ಕಪಾಟಿನಲ್ಲಿಟ್ಟು ಬೀಗ ಹಾಕಿದೀವಿ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಏನು ಹೇಳಿದರು ಅಂತ ನಮ್ಮ ಎಲ್ಲ ಭಾಷಣಕಾರರಿಗೂ ಬಾಯಿಪಾಠ. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂದರು. ಎಷ್ಟೇ ದೊಡ್ಡವನಾದರೂ ಅವನ ಪಾದಕ್ಕೆ ನಮ್ಮ ಸ್ವಾತಂತ್ರ್ಯ ಇಡಬಾರದು ಅಂದರು. 1943ರಲ್ಲೂ ಪುಣೆಯಲ್ಲಿ ರಾನಡೆಯವರ ಬಗ್ಗೆ ಮಾತಾಡೋವಾಗ ವ್ಯಕ್ತಿಪೂಜೆಯನ್ನ ಅಷ್ಟೇ ಖಾರವಾಗಿ ಬೈದಿದ್ದರು. ನಮ್ಮ ಕಾರ್ಯಕ್ರಮದಲ್ಲಿ ಅದೇ ಭಾಷಣವನ್ನ ಅಧ್ಯಕ್ಷರು ಉದ್ಧರಿಸಿದರು, ಕಿರೀಟ ಇಟ್ಟುಕೊಂಡೇ. ಯಾರೂ ನಗಲಿಲ್ಲ. 2023ರ ಮೇ 28ರಂದು ಹೊಸ ಪಾರ್ಲಿಮೆಂಟಿನಲ್ಲಿ ಸೆಂಗೋಲ್ ನಿಲ್ಲಿಸಿದಾಗ, ಪ್ರಜಾಪ್ರಭುತ್ವದ ಮನೆಯಲ್ಲಿ ರಾಜದಂಡ ಯಾಕೆ ಅಂತ ನಾವೇ ಪೋಸ್ಟ್ ಹಾಕಿದ್ವಿ. ಹುಡುಕಿ ನೋಡಿ, ನಮ್ಮ ಅಧ್ಯಕ್ಷರ ಪೇಜಲ್ಲೂ ಇದೆ. ಅವರದು ರಾಜದಂಡ, ನಮ್ಮದು ಬರೀ ಗದೆನಾ?

ಪಾಸ್ಟರಣ್ಣ, ಮತ್ತೆ ಸಮುವೇಲನ ಹತ್ರ ಬರ್ತೀನಿ, ಯಾಕಂದರೆ ಆ ಮುದುಕ ಕೊನೆಗೆ ಒಂದು ಕೆಲಸ ಮಾಡ್ತಾನೆ. ರಾಜನನ್ನ ಕೂರಿಸಿ ಆದಮೇಲೆ, ಹನ್ನೆರಡನೇ ಅಧ್ಯಾಯದಲ್ಲಿ, ತಲೆಗೂದಲು ನರೆತ ಸಮುವೇಲ ಎಲ್ಲ ಜನರ ಎದುರು ನಿಲ್ತಾನೆ. ನಾನು ಯಾರ ಎತ್ತು ತಗೊಂಡಿದೀನಿ, ಯಾರ ಕತ್ತೆ ತಗೊಂಡಿದೀನಿ, ಯಾರಿಗೆ ಮೋಸ ಮಾಡಿದೀನಿ, ಯಾರ ಕೈಯಿಂದ ಲಂಚ ಮುಟ್ಟಿದೀನಿ, ಈಗಲೇ ಹೇಳಿ, ವಾಪಸ್ ಕೊಡ್ತೀನಿ ಅಂತ ಕೇಳ್ತಾನೆ. ಹೊಸ ರಾಜನ ಎದುರಿಗೇ ಕೇಳ್ತಾನೆ. ಮಕ್ಕಳ ವಿಷಯದಲ್ಲಿ ಸೋತ ಮನುಷ್ಯ, ಆದರೂ ಲೆಕ್ಕ ಕೊಟ್ಟು ಇಳಿದ. ನಾನು ಅವತ್ತು ರಾತ್ರಿ ಗುಂಪಿನಲ್ಲಿ ಕೇಳಿದ್ದು ಇದಕ್ಕಿಂತ ಹೆಚ್ಚೇನಲ್ಲ.

ಅಧ್ಯಕ್ಷರೇ, ಅಣ್ಣಾ, ನಿಮ್ಮ ಮೇಲೆ ನನಗೆ ದ್ವೇಷ ಇಲ್ಲ. ನನ್ನ ಮದುವೆಗೆ ನೀವೇ ನಿಂತು ಪಂಚಶೀಲ ಹೇಳಿಸಿದವರು. ಜಮೀನಿನ ಕೇಸಿನಲ್ಲಿ ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಇಬ್ಬರೂ ಒಂದೇ ಬೀಡಿ ಸೇದಿದೀವಿ. ಆಗ ನಿಮ್ಮ ತಲೆ ಮೇಲೆ ಏನೂ ಇರಲಿಲ್ಲ, ನಿಮ್ಮ ಮಾತು ಕೇಳೋಕೆ ಎಂಟು ಹಳ್ಳಿ ಜನ ನಡೆದು ಬರ್ತಿದ್ದರು.

ಬರೋ ಭಾನುವಾರ ಬೆಳಗ್ಗೆ ಹತ್ತೂವರೆಗೆ ಸಾಲಗಾಮೆಯಲ್ಲಿ ಸಭೆ ಅಂತ ಕೇಳಿದೆ. ನನಗೆ ಕರೆ ಬಂದಿಲ್ಲ, ಆದರೆ ಸದಸ್ಯತ್ವದ ರಸೀದಿ ನನ್ನ ಹತ್ರ ಇದೆ, ಬರ್ತೀನಿ. ಮೂರು ವರ್ಷದ ರಸೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ತನ್ನಿ. ಯುವ ಘಟಕಕ್ಕೆ ನಿಮ್ಮ ಮಗನ ಹೆಸರು ಬಂದಿದೆಯಂತೆ, ಅದನ್ನ ಓಟಿಗೆ ಹಾಕಿ. ಅಧ್ಯಕ್ಷಗಿರಿ ಎರಡು ಅವಧಿಗೆ ಮುಗಿಯಬೇಕು ಅನ್ನೋ ತಿದ್ದುಪಡಿಯನ್ನ ನಾನು ಬರೆದು ಟೈಪ್ ಮಾಡಿಸಿದೀನಿ, ಹತ್ತು ಜನ ಸಹಿ ಹಾಕಿದಾರೆ, ಅದರಲ್ಲಿ ಆರು ಜನ ಬಿಸಿಲಲ್ಲಿ ಕೂತಿದ್ದ ಹೆಂಗಸರು. ಕಿರೀಟ ಬಾಡಿಗೆದಾ ಕೊಂಡದ್ದಾ ಗೊತ್ತಿಲ್ಲ. ಕೊಂಡದ್ದಾದರೆ ಅದನ್ನೂ ತನ್ನಿ. ಅಕ್ಕಸಾಲಿಗರ ಹತ್ರ ತೂಕ ಹಾಕಿಸಿ, ಬಂದ ದುಡ್ಡಲ್ಲಿ ಕೇರಿ ಹುಡುಗರ ಟ್ಯೂಷನ್ ರೂಮಿಗೆ ಶೀಟ್ ಹಾಕಿಸೋಣ. ಮಳೆಗಾಲ ಬರ್ತಿದೆ.

ಜೈ ಭೀಮ್.